ಯುಗವನ್ನು ಅಳೆಯಬೇಕಾದದ್ದು ವೇಷಧಾರಿಯಿಂದಲ್ಲ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ವೈಜ್ಞಾನಿಕ ಧಾರಾವಾಹಿ ‘ಡಾಕ್ಟರ್ ಹೂ’ದ ಒಂದೊಂದು ಯುಗಕ್ಕೆ ಒಂದೊಂದರಂತೆ ಅತ್ಯುತ್ತಮ ಕಥೆಗಳನ್ನು ಆರಿಸಿ ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟಿಸಿದ ಪಟ್ಟಿಯನ್ನೂ, ಅದನ್ನು ಒಪ್ಪಿಯೂ ಒಪ್ಪದೆಯೂ ಬಂದ ಓದುಗರ ಪತ್ರಗಳನ್ನೂ ಆಸಕ್ತಿಯಿಂದ ಓದಿದ್ದೇನೆ. ಶಿರಸಿ, ಕುಮಟಾ, ಕಾರವಾರಗಳಲ್ಲಿ ಚದುರಿಕೊಂಡಿರುವ ನಾವು ಕೆಲವರು ಈ ಧಾರಾವಾಹಿಯ ಹಳೆಯ ಕಂತುಗಳನ್ನು ಹುಡುಕಿ ನೋಡುವವರು. ನಮ್ಮೊಳಗೂ ಇದೇ ಚರ್ಚೆ ಬಹಳ ಕಾಲದಿಂದ ನಡೆದುಬಂದಿದೆ, ಮುಗಿಯುವ ಲಕ್ಷಣವಂತೂ ಕಾಣುವುದಿಲ್ಲ. ಪಟ್ಟಿಯಲ್ಲಿ ಸೇರಿರುವ ಕಥೆಗಳ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ತಕರಾರಿರುವುದು ಯುಗಗಳನ್ನು ವಿಂಗಡಿಸಿದ ಕ್ರಮದ ಬಗ್ಗೆ.

ಈ ಧಾರಾವಾಹಿಯ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಆರಂಭವಾದ ಇದು 1989ರವರೆಗೆ 26 ಸರಣಿಗಳಾಗಿ ನಡೆದು ನಿಂತಿತು. 1996ರಲ್ಲಿ ಒಂದೇ ಒಂದು ಟಿವಿ ಚಲನಚಿತ್ರವಾಗಿ ತಲೆಯೆತ್ತಿ, 2005ರಲ್ಲಿ ಮತ್ತೆ ಧಾರಾವಾಹಿಯಾಗಿಯೇ ಮರಳಿತು. ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆಯ ರೂಪದ ನೌಕೆಯಲ್ಲಿ ಕಾಲದೇಶಗಳನ್ನು ದಾಟಿ ಸಂಚರಿಸುವ ಡಾಕ್ಟರ್ ಎಂಬ ಅನ್ಯಲೋಕದವನು ಸಾವಿನಂಚಿಗೆ ಬಂದಾಗ ಬೇರೊಂದು ದೇಹ ತಳೆಯುತ್ತಾನೆ. ಮೊದಲ ನಟ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೈಕೊಟ್ಟಾಗ, 1966ರಲ್ಲಿ, ಪಾತ್ರವನ್ನು ಉಳಿಸಿಕೊಂಡು ನಟನನ್ನು ಬದಲಿಸಲು ಕಂಡುಕೊಂಡ ಈ ಉಪಾಯವೇ ಧಾರಾವಾಹಿಯ ದೀರ್ಘಾಯುಷ್ಯಕ್ಕೆ ಕಾರಣವಾಯಿತು. ಅಭಿಮಾನಿಗಳು ಯುಗವನ್ನು ನಟನ ಹೆಸರಿನಿಂದ ಗುರುತಿಸುವ ರೂಢಿಯೂ ಅಲ್ಲಿಂದಲೇ ಹುಟ್ಟಿದ್ದು, ತಮ್ಮ ಪುರವಣಿ ಅನುಸರಿಸಿದ್ದೂ ಅದನ್ನೇ.

ನಮ್ಮ ಜಿಲ್ಲೆಯವರಿಗೆ ಇದರಲ್ಲಿರುವ ಕೊರತೆಯನ್ನು ವಿವರಿಸುವುದು ಕಷ್ಟವಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ಹೆಚ್ಚೋ ಭಸ್ಮಾಸುರ ಹೆಚ್ಚೋ ಎಂದು ಬೆಳಗಿನ ಜಾವದವರೆಗೆ ವಾದಿಸುವ ನಮ್ಮ ಯಕ್ಷಗಾನದ ಆಟದ ಪ್ರೇಮಿಗಳೂ, ಆ ರಾತ್ರಿ ಭಾಗವತಿಕೆ ಯಾರದಿತ್ತು ಎಂಬ ಪ್ರಶ್ನೆಯನ್ನು ಕೇಳದೆ ತೀರ್ಪು ಕೊಡುವುದಿಲ್ಲ. ಪದದ ಗತಿಯನ್ನು, ಪ್ರಸಂಗದ ಓಟವನ್ನು, ವೇಷಧಾರಿಗೆ ಎಷ್ಟು ಅವಕಾಶ ಎಂಬುದನ್ನು ನಿರ್ಧರಿಸುವವರು ಭಾಗವತರು. ‘ಡಾಕ್ಟರ್ ಹೂ’ದಲ್ಲಿ ಆ ಸ್ಥಾನ ಹಳೆಯ ಕಾಲದಲ್ಲಿ ನಿರ್ಮಾಪಕ ಮತ್ತು ಕಥಾ ಸಂಪಾದಕ ಜೋಡಿಯದ್ದು; 2005ರ ನಂತರ ಮುಖ್ಯ ಬರಹಗಾರನದ್ದು. ಆ ಜೋಡಿ ಬದಲಾದಾಗ ಯುಗ ಬದಲಾಗುತ್ತದೆ, ಮುಖ ಬದಲಾದಾಗ ಅಲ್ಲ ಎಂಬುದು ನನ್ನ ವಾದ.

ಇದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷಿ ನಾಲ್ಕನೆಯ ಡಾಕ್ಟರ್ ಟಾಮ್ ಬೇಕರ್. 1974ರ ಕೊನೆಯಿಂದ 1981ರ ಮಾರ್ಚ್‌ವರೆಗೆ ಅವರೇ ನಾಯಕ. ತಮ್ಮ ಪಟ್ಟಿ ಈ ಇಡೀ ಅವಧಿಗೆ ಒಂದೇ ಕಥೆಯನ್ನು ಆರಿಸಿಕೊಂಡಿದೆ. ಆದರೆ ಆ ಅವಧಿಯೊಳಗೆ ಮೂರು ಬೇರೆ ಬೇರೆ ಧಾರಾವಾಹಿಗಳಿವೆ ಎಂದರೂ ತಪ್ಪಾಗದು. ಫಿಲಿಪ್ ಹಿಂಚ್‌ಕ್ಲಿಫ್ ನಿರ್ಮಾಪಕರಾಗಿ, ರಾಬರ್ಟ್ ಹೋಮ್ಸ್ ಕಥಾ ಸಂಪಾದಕರಾಗಿ ನಡೆಸಿದ 1975ರಿಂದ 1977ರವರೆಗಿನ ಕಥೆಗಳಲ್ಲಿ ಭಯವೇ ಸ್ಥಾಯಿ: ಕತ್ತಲೆಯ ನೆಲಮಾಳಿಗೆಗಳು, ಎದ್ದು ಬರುವ ಮಮ್ಮಿಗಳು, ಮನುಷ್ಯನ ದೇಹವನ್ನು ಆಕ್ರಮಿಸುವ ಜೀವಿಗಳು. 1976ರ ‘ದಿ ಡೆಡ್ಲಿ ಅಸಾಸಿನ್’ನಲ್ಲಿ ಡಾಕ್ಟರನ ತಲೆಯನ್ನು ನೀರೊಳಗೆ ಅದುಮಿ ಹಿಡಿದಿರುವಲ್ಲಿಗೇ ಒಂದು ಕಂತನ್ನು ನಿಲ್ಲಿಸಿದಾಗ, ಮಕ್ಕಳು ನೋಡುವ ಹೊತ್ತಿನಲ್ಲಿ ಇದೆಂಥ ದೃಶ್ಯ ಎಂದು ಮೇರಿ ವೈಟ್‌ಹೌಸ್ ಎಂಬ ಪ್ರಸಿದ್ಧ ಆಕ್ಷೇಪಕಿ ದೂರಿದರು, ಬಿಬಿಸಿ ಕ್ಷಮೆ ಕೇಳಿತು. ಹಿಂಚ್‌ಕ್ಲಿಫ್ ಬೇರೆ ಕೆಲಸಕ್ಕೆ ಹೋದರು. ಅವರ ಜಾಗಕ್ಕೆ ಬಂದ ಗ್ರಹಾಂ ವಿಲಿಯಮ್ಸ್ ಅವರಿಗೆ ಹಿಂಸೆ ಕಡಿಮೆ ಮಾಡಬೇಕೆಂಬ ಸೂಚನೆಯಿತ್ತು. ಹಾಗಾಗಿ ಅವರ ಕಾಲದಲ್ಲಿ ಭಯ ಹಿಂದೆ ಸರಿದು ಹಾಸ್ಯ ಮುಂದೆ ಬಂತು. 1980ರಲ್ಲಿ ಜಾನ್ ನೇಥನ್-ಟರ್ನರ್ ಬಂದರು, ಹಾಸ್ಯಕ್ಕೂ ಕತ್ತರಿ ಬಿತ್ತು. ಉದ್ದನೆಯ ಅಂಗವಸ್ತ್ರ ಸುತ್ತಿಕೊಂಡ ಅದೇ ನಟ, ಮೂರು ಬಗೆಯ ಆಟ.

ಹೀಗಿರುವಾಗ ‘ಜೆನೆಸಿಸ್ ಆಫ್ ದ ಡಾಲೆಕ್ಸ್’ ಮತ್ತು ‘ಸಿಟಿ ಆಫ್ ಡೆತ್’ ಇವುಗಳಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಬಿಡಬೇಕೆಂಬ ಇಕ್ಕಟ್ಟೇ ಅನವಶ್ಯಕ. 1975ರ ಮಾರ್ಚ್–ಏಪ್ರಿಲ್‌ನಲ್ಲಿ ಆರು ಕಂತುಗಳಾಗಿ ಪ್ರಸಾರವಾದ ಮೊದಲನೆಯದರಲ್ಲಿ, ಮುಂದೆ ಕೋಟ್ಯಂತರ ಜೀವಗಳನ್ನು ಕೊಲ್ಲಲಿರುವ ಡಾಲೆಕ್ ಎಂಬ ಯಂತ್ರಕವಚದ ಜೀವಿಗಳನ್ನು ಹುಟ್ಟುವ ಮೊದಲೇ ನಾಶಮಾಡುವ ಅವಕಾಶ ಡಾಕ್ಟರನಿಗೆ ಒದಗುತ್ತದೆ. ಸ್ಫೋಟಕ ಇಟ್ಟಾಗಿದೆ. ಎರಡು ತಂತಿಗಳ ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು ನಿಂತಿದ್ದಾನೆ. ಅವನ್ನು ಮುಟ್ಟಿಸಿದರೆ ಮುಗಿಯಿತು. ಒಂದು ಜನಾಂಗವನ್ನೇ ಅಳಿಸುವ ಹಕ್ಕು ತನಗಿದೆಯೇ ಎಂದು ಆತ ಅಲ್ಲಿ ಕೇಳಿಕೊಳ್ಳುವಾಗ ಹಿನ್ನೆಲೆಯಲ್ಲಿ ಅಬ್ಬರದ ಸಂಗೀತವಿಲ್ಲ, ಓಡಾಟವಿಲ್ಲ, ಒಬ್ಬ ನಟನ ಮುಖ ಮಾತ್ರ ಇದೆ. ಮುಂದೆ ಆ ತಂತಿಗಳ ಮೇಲೆ ಹಾದು ಸ್ಫೋಟಕ್ಕೆ ಕಾರಣವಾಗುವುದು ಒಂದು ಡಾಲೆಕ್ಕೇ ಎಂಬುದು ಬರಹಗಾರ ಟೆರಿ ನೇಶನ್ ಅವರ ಜಾಣತನವೋ, ಡಾಕ್ಟರನನ್ನು ಪಾಪದಿಂದ ಪಾರುಮಾಡುವ ಸುಲಭದ ದಾರಿಯೋ ಎಂಬ ಬಗ್ಗೆ ನಮ್ಮಲ್ಲಿ ಎರಡು ಪಕ್ಷಗಳಿವೆ. ನಾನು ಎರಡನೆಯ ಪಕ್ಷದವನು; ಆದರೂ ಕಥೆಗೆ ಮೊದಲ ಸ್ಥಾನ ಕೊಡಲು ಹಿಂಜರಿಯುವುದಿಲ್ಲ.

‘ಸಿಟಿ ಆಫ್ ಡೆತ್’ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು. 1979ರಲ್ಲಿ ಕಥಾ ಸಂಪಾದಕರಾಗಿದ್ದ ಡಗ್ಲಸ್ ಆಡಮ್ಸ್, ಬೇರೊಬ್ಬರ ಮೂಲ ಕಥೆಯನ್ನು ನಿರ್ಮಾಪಕರೊಡನೆ ಕುಳಿತು ಅವಸರದಲ್ಲಿ ಹೊಸದಾಗಿ ಬರೆದರು. ತೆರೆಯ ಮೇಲೆ ಬಂದದ್ದು ಡೇವಿಡ್ ಆಗ್ನ್ಯೂ ಎಂಬ ಕಲ್ಪಿತ ಹೆಸರು. ಧಾರಾವಾಹಿ ಮೊದಲ ಬಾರಿಗೆ ಬ್ರಿಟನ್ನಿನ ಹೊರಗೆ, ಪ್ಯಾರಿಸ್ಸಿನಲ್ಲಿ ಚಿತ್ರೀಕರಣಗೊಂಡಿತು. ಖಳನು ಲಿಯೊನಾರ್ಡೊನಿಂದಲೇ ಮೋನಾಲಿಸಾದ ಹಲವು ಪ್ರತಿಗಳನ್ನು ಬರೆಸುವ ಹುನ್ನಾರ ಹೂಡಿದ್ದಾನೆಂದು ತಿಳಿದ ಡಾಕ್ಟರ್, ಹಿಂದಿನ ಕಾಲಕ್ಕೆ ಹೋಗಿ, ಇನ್ನೂ ಬಣ್ಣ ಕಾಣದ ಹಲಗೆಗಳ ಮೇಲೆ ‘ಇದು ನಕಲಿ’ ಎಂದು ಮಾರ್ಕರ್ ಪೆನ್ನಿನಿಂದ ಬರೆದಿಟ್ಟು ಬರುತ್ತಾನೆ. ಎಕ್ಸ್-ರೇ ತೆಗೆದರೆ ಬಣ್ಣದಡಿಯ ಬರಹ ಕಾಣುತ್ತದೆ! ಈ ಕಥೆಯ ಕೊನೆಯ ಕಂತನ್ನು ಒಂದು ಕೋಟಿ 60 ಲಕ್ಷಕ್ಕೂ ಹೆಚ್ಚು ಜನ ನೋಡಿದರೆಂಬುದನ್ನು ಅದರ ಶ್ರೇಷ್ಠತೆಗೆ ಪುರಾವೆಯಾಗಿ ತಮ್ಮ ಓದುಗರೊಬ್ಬರು ಬರೆದಿದ್ದರು. ಆಗ ಎದುರಾಳಿ ವಾಹಿನಿ ಐಟಿವಿ ಮುಷ್ಕರದಿಂದಾಗಿ ಬಂದ್ ಆಗಿತ್ತು ಎಂಬುದನ್ನೂ ಸೇರಿಸಿಕೊಂಡು ಆ ಅಂಕಿಯನ್ನು ಓದಬೇಕಾಗುತ್ತದೆ. ಕಥೆ ಶ್ರೇಷ್ಠವೇ, ಪುರಾವೆ ಮಾತ್ರ ಅದಲ್ಲ.

ಇದೇ ಅವಧಿಯ ‘ದಿ ಟ್ಯಾಲನ್ಸ್ ಆಫ್ ವೆಂಗ್-ಚಿಯಾಂಗ್’ ಕೈಬಿಟ್ಟದ್ದು ಅನ್ಯಾಯವೆಂದು ಬರೆದವರಿಗೆ ಒಂದು ಮಾತು. 1977ರ ಆ ಕಥೆಯ ಸಂಭಾಷಣೆ ಸೊಗಸಾದದ್ದು ನಿಜ, ಆದರೆ ಅದರ ಮುಖ್ಯ ಚೀನೀ ಪಾತ್ರವನ್ನು ಬಿಳಿಯ ನಟನೊಬ್ಬ ಬಣ್ಣ ಬಳಿದುಕೊಂಡು ಮಾಡಿದ್ದಾನೆ, ಚೀನೀಯರನ್ನು ಚಿತ್ರಿಸಿರುವ ರೀತಿಯೂ ಇಂದು ನೋಡಲು ಮುಜುಗರ ತರುತ್ತದೆ. ಆ ಕಾಲವೇ ಹಾಗಿತ್ತು ಎಂದು ಹೇಳಿ ಮುಂದೆ ಹೋಗುವುದು ನನಗೆ ಸಾಧ್ಯವಾಗಿಲ್ಲ.

ಮೊದಲ ಡಾಕ್ಟರನ ಕಾಲಕ್ಕೂ ಇದೇ ಅಳತೆಗೋಲನ್ನು ಹಿಡಿಯಬಹುದು. ಹಾರ್ಟ್‌ನೆಲ್ ಅವರ ಮೊದಲ ಎರಡು ವರ್ಷ ವೆರಿಟಿ ಲ್ಯಾಂಬರ್ಟ್ ಅವರದು. ಬಿಬಿಸಿಯ ನಾಟಕ ವಿಭಾಗದಲ್ಲಿ ಆಗ ಇದ್ದ ಏಕೈಕ ಮಹಿಳಾ ನಿರ್ಮಾಪಕಿ, ವಯಸ್ಸಿನಲ್ಲೂ ಎಲ್ಲರಿಗಿಂತ ಕಿರಿಯರು. ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಲಖನೌದಲ್ಲಿ ಹುಟ್ಟಿದವರು ಎಂಬುದನ್ನು ತಮ್ಮ ಪುರವಣಿ ಉಲ್ಲೇಖಿಸಬಹುದಿತ್ತು. ಈ ಇಬ್ಬರನ್ನೂ ಆ ಸಂಸ್ಥೆಯ ಹಿರಿಯರು ಅಷ್ಟೇನೂ ನಂಬದೆ ಕೈಗೆ ಕೊಟ್ಟ ಕೆಲಸ ಅದು. ಆ ಕಾಲದ ಪ್ರತಿನಿಧಿಯಾಗಿ ಡಾಲೆಕ್‌ಗಳ ಮೊದಲ ಕಥೆಯನ್ನು ಆರಿಸಿರುವುದು ಸಹಜ, ಏಕೆಂದರೆ ಧಾರಾವಾಹಿಗೆ ಮನೆಮಾತಿನ ಹೆಸರು ತಂದದ್ದು ಅದು. ನನ್ನ ಮತ 1964ರ ‘ದಿ ಆಜ್ಟೆಕ್ಸ್’ಗೆ. ಡಾಕ್ಟರನ ಸಹಪ್ರಯಾಣಿಕೆ, ಇತಿಹಾಸದ ಶಿಕ್ಷಕಿ ಬಾರ್ಬರಾಳನ್ನು ಅಲ್ಲಿನ ಜನ ತಮ್ಮ ದೇವಾಂಶಸಂಭೂತ ಅರ್ಚಕನ ಅವತಾರವೆಂದು ಪೂಜಿಸುತ್ತಾರೆ. ಆ ಅಧಿಕಾರ ಬಳಸಿ ನರಬಲಿಯನ್ನು ನಿಲ್ಲಿಸಿದರೆ ಮುಂದೆ ಬರುವ ಸ್ಪೇನಿನವರಿಂದ ಈ ನಾಗರಿಕತೆ ಉಳಿಯಬಹುದೆಂದು ಅವಳು ನಂಬುತ್ತಾಳೆ, ಡಾಕ್ಟರ್ ತಡೆಯುತ್ತಾನೆ, ಅವಳು ಕೇಳುವುದಿಲ್ಲ, ಮತ್ತು ಸೋಲುತ್ತಾಳೆ. ರಾಕ್ಷಸರಿಲ್ಲ, ಯಂತ್ರಗಳಿಲ್ಲ. ಈ ಗಂಭೀರ ಕಥೆಯ ನಡುವೆ ಡಾಕ್ಟರ್ ಒಬ್ಬ ಹಿರಿಯ ಮಹಿಳೆಗೆ ಕೋಕೋ ಕಲಸಿಕೊಟ್ಟು, ಅಲ್ಲಿನ ಪದ್ಧತಿಯಲ್ಲಿ ಅದು ಮದುವೆಯ ನಿಶ್ಚಯವೆಂದು ಆಮೇಲೆ ತಿಳಿದು ಕಣ್ಣರಳಿಸುವ ಪ್ರಸಂಗವೂ ಇದೆ. ಇಂಥ ಶುದ್ಧ ಐತಿಹಾಸಿಕ ಕಥೆಗಳು ಲ್ಯಾಂಬರ್ಟ್ ಕಾಲದ ವಿಶೇಷ. 1966ರಲ್ಲಿ ಅಧಿಕಾರ ವಹಿಸಿಕೊಂಡ ಇನ್ನೆಸ್ ಲಾಯ್ಡ್ ಅವನ್ನು ಕೈಬಿಟ್ಟರು. ಹಾರ್ಟ್‌ನೆಲ್ ಅವರ ಕೊನೆಯ ಕಥೆ ‘ದಿ ಟೆಂತ್ ಪ್ಲಾನೆಟ್’, ದೂರದ ಒಂದು ನೆಲೆ, ಅದರ ಮೇಲೆ ಶತ್ರುಗಳ ಮುತ್ತಿಗೆ ಎಂಬ ಆ ಹೊಸ ಮಾದರಿಯಲ್ಲೇ ಇದೆ. ಆದುದರಿಂದ ಅದು ಹಾರ್ಟ್‌ನೆಲ್ ಅಭಿನಯಿಸಿದ್ದರೂ ಎರಡನೆಯ ಡಾಕ್ಟರ್ ಪ್ಯಾಟ್ರಿಕ್ ಟ್ರೌಟನ್ ಅವರ ಯುಗಕ್ಕೇ ಸೇರತಕ್ಕದ್ದು.

ಟ್ರೌಟನ್ ಅವರ ವಿಷಯದಲ್ಲಿ ಯಾವ ಪಟ್ಟಿಯೂ ಕೊನೆಯದಾಗಲಾರದು. ಅದಕ್ಕೆ ಕಾರಣ ಅಭಿಮಾನಿಗಳ ಹಟವಲ್ಲ, ಬಿಬಿಸಿಯ ಅಂದಿನ ಆಡಳಿತ. ಟೇಪು ದುಬಾರಿ, ಮರುಪ್ರಸಾರದ ಅವಕಾಶ ಕಡಿಮೆ ಎಂಬ ಲೆಕ್ಕದಲ್ಲಿ ಅರವತ್ತರ ದಶಕದ ಕಂತುಗಳನ್ನು ಅಳಿಸಿಹಾಕಿದರು. ತೊಂಬತ್ತಕ್ಕೂ ಹೆಚ್ಚು ಕಂತುಗಳು ಕಾಣೆಯಾಗಿಯೇ ಉಳಿದವು. ಟ್ರೌಟನ್ ಅವರ ಪ್ರವೇಶದ ಕಥೆ ‘ದಿ ಪವರ್ ಆಫ್ ದ ಡಾಲೆಕ್ಸ್’ನ ಆರರಲ್ಲಿ ಒಂದು ಕಂತೂ ಉಳಿಯಲಿಲ್ಲ. ಆದರೂ ಎಲ್ಲ ಕಂತುಗಳ ಧ್ವನಿ ಉಳಿದಿದೆ, ಏಕೆಂದರೆ ಅಂದಿನ ಕೆಲವು ಹುಡುಗರು ತಮ್ಮ ಮನೆಯ ಟಿವಿಯ ಎದುರು ಟೇಪ್ ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡಿದ್ದರು. ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕರು ಟಿವಿ ಪರದೆಯಿಂದಲೇ ತೆಗೆಯುತ್ತಿದ್ದ ಸ್ಥಿರಚಿತ್ರಗಳೂ ಹಲವು ಕಥೆಗಳಿಗೆ ಸಿಗುತ್ತವೆ. ಈ ಎರಡನ್ನು ಜೋಡಿಸಿಕೊಂಡು ನೋಡುವವನು ಮತ ಹಾಕುವುದು ಅರ್ಧ ಕಥೆಗೆ, ಇನ್ನರ್ಧ ತನ್ನ ಕಲ್ಪನೆಗೆ.

ಕಾಣೆಯಾಗಿರುವುದು ತೀರ್ಪನ್ನು ಹೇಗೆ ಕೆಡಿಸುತ್ತದೆಂಬುದಕ್ಕೆ ಎರಡು ಎದುರುಬದುರು ಉದಾಹರಣೆಗಳಿವೆ. ‘ದಿ ಟೂಂಬ್ ಆಫ್ ದ ಸೈಬರ್‌ಮೆನ್’ ಕಳೆದುಹೋಗಿದ್ದಷ್ಟು ಕಾಲ ಅದನ್ನು ನೋಡಿದ್ದ ಹಿರಿಯರ ಬಾಯಲ್ಲಿ ದಂತಕಥೆಯಾಗಿತ್ತು. ಹಾಂಗ್‌ಕಾಂಗ್‌ನಲ್ಲಿ ಸಿಕ್ಕಿ 1992ರಲ್ಲಿ ಬಿಡುಗಡೆಯಾದ ಮೇಲೆ ಒಳ್ಳೆಯ ಕಥೆಯೆಂದೇನೋ ಉಳಿಯಿತು, ದಂತಕಥೆಯ ಹೊಳಪು ಮಾತ್ರ ಸ್ವಲ್ಪ ಮಾಸಿತು. ‘ದಿ ಎನಿಮಿ ಆಫ್ ದ ವರ್ಲ್ಡ್’ನದು ಉಲ್ಟಾ. ಅದರ ಆರು ಕಂತುಗಳಲ್ಲಿ ಒಂದೇ ಒಂದು ಉಳಿದಿತ್ತು, ಅದೂ ಮಂದಗತಿಯದ್ದು. ನೈಜೀರಿಯಾದಲ್ಲಿ ದೊರೆತ ಉಳಿದ ಕಂತುಗಳು 2013ರಲ್ಲಿ ಬೆಳಕಿಗೆ ಬಂದಾಗ, ಟ್ರೌಟನ್ ಡಾಕ್ಟರನಾಗಿಯೂ ಸಲಮಾಂಡರ್ ಎಂಬ ಸರ್ವಾಧಿಕಾರಿಯಾಗಿಯೂ ಎರಡು ಪಾತ್ರಗಳನ್ನು ಎಷ್ಟು ಬೇರೆಯಾಗಿ ನಿಭಾಯಿಸಿದ್ದರೆಂಬುದು ಹೊಸ ತಲೆಮಾರಿಗೆ ತಿಳಿದದ್ದು. ಅದೇ ಶೋಧದಲ್ಲಿ ಸಿಕ್ಕ ‘ದಿ ವೆಬ್ ಆಫ್ ಫಿಯರ್’ಗೆ ಈಗಲೂ ಮೂರನೆಯ ಕಂತಿಲ್ಲ. ಹಾಗಿದ್ದೂ ಲಂಡನ್ನಿನ ನೆಲದಡಿಯ ರೈಲು ಸುರಂಗಗಳಲ್ಲಿ ನಡೆಯುವ ಆ ಕಥೆಯನ್ನೇ ನಾನು ಆ ಯುಗದ ತಲೆಗೆ ಇಡುತ್ತೇನೆ.

ಇದನ್ನು ಬರೆಯುವಾಗ ಇನ್ನೊಂದು ಮಾತು ಸೇರಿಸಬೇಕೆನಿಸುತ್ತದೆ. ಹಳೆಯ ಕಥೆಗಳು ಎಳೆದಾಡುತ್ತವೆ ಎಂದು ದೂರಿದ ಕಾರವಾರದ ಕಿರಿಯ ಓದುಗರು, ಏಳು ಕಂತುಗಳನ್ನು ಒಂದೇ ರಾತ್ರಿ ಮುಗಿಸಿದ್ದಾಗಿ ತಾವೇ ಬರೆದಿದ್ದಾರೆ. ಇಪ್ಪತ್ತೈದು ನಿಮಿಷದ ಆ ಕಂತುಗಳು ವಾರಕ್ಕೊಂದರಂತೆ ನೋಡಲು ಕಟ್ಟಿದವು. ದಿನಕ್ಕೊಂದರಂತೆ ನೋಡಿ ಮತ್ತೆ ಹೇಳಲಿ ಎಂದು ಕೋರುತ್ತೇನೆ. ನಮ್ಮ ಶಿರಸಿಯಲ್ಲಾದರೆ ಆಷಾಢದ ಮಳೆಯಲ್ಲಿ ಕರೆಂಟೇ ಆ ಶಿಸ್ತನ್ನು ಕಲಿಸಿಬಿಡುತ್ತದೆ.

1970ರಲ್ಲಿ ಬಣ್ಣ ಬಂತು, ಮೂರನೆಯ ಡಾಕ್ಟರನಾಗಿ ಜಾನ್ ಪರ್ಟ್‌ವೀ ಬಂದರು, ಖರ್ಚು ಉಳಿಸಲು ಡಾಕ್ಟರನನ್ನು ಭೂಮಿಗೆ ಗಡೀಪಾರು ಮಾಡಿ ಅಲ್ಲೇ ಇಟ್ಟರು. ಬೇಗನೆ ನಿರ್ಮಾಪಕರಾಗಿ ಬಂದ ಬ್ಯಾರಿ ಲೆಟ್ಸ್ ಮತ್ತು ಕಥಾ ಸಂಪಾದಕ ಟೆರೆನ್ಸ್ ಡಿಕ್ಸ್ ಈ ಬಡತನವನ್ನೇ ಬಂಡವಾಳ ಮಾಡಿಕೊಂಡು, ಸುತ್ತಲಿನ ಬ್ರಿಟನ್ನಿನ ಬಗ್ಗೆಯೇ ಕಥೆ ಹೇಳಿದರು. ತಮ್ಮ ಪಟ್ಟಿಯ ‘ಇನ್‌ಫರ್ನೋ’ ಗಟ್ಟಿಯಾದ ಆಯ್ಕೆ. ನಾನು ಮಾತ್ರ 1973ರ ‘ದಿ ಗ್ರೀನ್ ಡೆತ್’ ಅನ್ನು ಆರಿಸುವೆ. ವೇಲ್ಸ್‌ನ ಗಣಿಯೂರು, ಗಣಿ ಮುಚ್ಚಿದೆ, ಕೆಲಸ ಕೊಡುವುದಾಗಿ ರಾಸಾಯನಿಕ ಕಂಪನಿಯೊಂದು ಬಂದಿದೆ, ಅದರ ತ್ಯಾಜ್ಯ ಗಣಿಯೊಳಗೆ ಹರಿದು ಹುಳುಗಳು ದೈತ್ಯಾಕಾರಕ್ಕೆ ಬೆಳೆದಿವೆ. ಬ್ರಿಟನ್ನಿನಲ್ಲಿ ಆ ಕಥೆಯನ್ನು ಎಲ್ಲರೂ ನೆನಪಿಟ್ಟುಕೊಂಡಿರುವುದು ಹುಳುಗಳಿಂದಾಗಿ. ಕೆಲಸ ಬೇಕೆನ್ನುವ ಗಣಿ ಕಾರ್ಮಿಕರಿಗೂ ಕಂಪನಿ ಬೇಡವೆನ್ನುವ ಪರಿಸರವಾದಿ ತರುಣರಿಗೂ ನಡುವೆ ನಡೆಯುವ ಮಾತುಕತೆಯನ್ನು, 1983ರಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತ ತಾಲೂಕಿನಲ್ಲಿ ಕುಳಿತು ನೋಡುವ ನಮಗೆ ಹುಳುಗಳಿಗಿಂತ ಆ ಮಾತುಕತೆಯೇ ಹೆಚ್ಚು ನಾಟುತ್ತದೆ. ಕಾರ್ಮಿಕರನ್ನು ಮೂರ್ಖರೆಂದು ಆ ಕಥೆ ಎಲ್ಲೂ ತೋರಿಸುವುದಿಲ್ಲ.

ಈಗ ನನ್ನ ವಾದಕ್ಕೆ ಅಡ್ಡಬರುವ ಸಂಗತಿಗೆ ಬರುತ್ತೇನೆ, ಏಕೆಂದರೆ ನಾನು ಹೇಳದಿದ್ದರೆ ಕುಮಟೆಯ ಗೆಳೆಯರು ಮುಂದಿನ ವಾರ ಹೇಳಿಯೇ ಹೇಳುತ್ತಾರೆ. 2009ರಲ್ಲಿ ‘ಡಾಕ್ಟರ್ ಹೂ ಮ್ಯಾಗಜೀನ್’ ತನ್ನ ಓದುಗರಿಂದ 200 ಕಥೆಗಳಿಗೆ ಮತ ಹಾಕಿಸಿದಾಗ ಮೊದಲ ಸ್ಥಾನ ಬಂದದ್ದು ಐದನೆಯ ಡಾಕ್ಟರ್ ಪೀಟರ್ ಡೇವಿಸನ್ ಅವರ ಕೊನೆಯ ಕಥೆ ‘ದಿ ಕೇವ್ಸ್ ಆಫ್ ಆಂಡ್ರೋಜಾನಿ’ಗೆ. ಕೊನೆಯ ಸ್ಥಾನ, ಅಂದರೆ 200ನೆಯದು, ಆರನೆಯ ಡಾಕ್ಟರ್ ಕಾಲಿನ್ ಬೇಕರ್ ಅವರ ಮೊದಲ ಕಥೆ ‘ದಿ ಟ್ವಿನ್ ಡಿಲೆಮಾ’ಗೆ. ಎರಡೂ 1984ರ ಮಾರ್ಚ್‌ನಲ್ಲಿ ಬೆನ್ನುಬೆನ್ನಿಗೆ ಪ್ರಸಾರವಾದವು. ನಿರ್ಮಾಪಕರು ಅದೇ ನೇಥನ್-ಟರ್ನರ್, ಕಥಾ ಸಂಪಾದಕರು ಅದೇ ಎರಿಕ್ ಸೇವರ್ಡ್. ಭಾಗವತರು ಒಬ್ಬರೇ ಆದರೆ ಇಷ್ಟು ಅಂತರ ಹೇಗೆ? ಪ್ರಸಂಗ ಬರೆದವರು ಬೇರೆ ಎಂಬುದು ಒಂದು ಉತ್ತರ. ಆಂಡ್ರೋಜಾನಿಯನ್ನು ಬರೆದವರು, ಹಿಂಚ್‌ಕ್ಲಿಫ್ ಕಾಲವನ್ನು ರೂಪಿಸಿದ್ದ ಅದೇ ರಾಬರ್ಟ್ ಹೋಮ್ಸ್. ನಿರ್ದೇಶಿಸಿದವರು ಗ್ರೇಮ್ ಹಾರ್ಪರ್. ಆ ಕಥೆಯಲ್ಲಿ ಡಾಕ್ಟರ್ ಬ್ರಹ್ಮಾಂಡವನ್ನು ಉಳಿಸುವುದಿಲ್ಲ. ತನಗೂ ತನ್ನ ಸಹಪ್ರಯಾಣಿಕೆ ಪೆರಿಗೂ ಒಂದೇ ವಿಷ ಏರಿದೆ. ಮದ್ದು ಸಿಕ್ಕಿದ್ದು ಒಬ್ಬರಿಗೆ ಸಾಕಾಗುವಷ್ಟು. ಪರಿಚಯವಾಗಿ ಹೆಚ್ಚು ದಿನವಾಗಿರದ ಆ ಹುಡುಗಿಗೆ ಅದನ್ನು ಕುಡಿಸಿ ತಾನು ಸಾಯುತ್ತಾನೆ. ಉಳಿದವರೆಲ್ಲ ಬಂದೂಕು ಮಾರುವವರು, ಮೋಸ ಮಾಡುವವರು. ಅವರಲ್ಲಿ ಮಾರ್ಗಸ್ ಎಂಬ ಕಂಪನಿಯ ಯಜಮಾನ ಆಗಾಗ ಕ್ಯಾಮೆರಾಕ್ಕೆ ನೇರ ಮುಖಮಾಡಿ ಸ್ವಗತ ನುಡಿಯುತ್ತಾನೆ. ನಟ ಸೂಚನೆಯನ್ನು ತಪ್ಪಾಗಿ ತಿಳಿದು ಹಾಗೆ ಮಾಡಿದ್ದನ್ನು ಹಾರ್ಪರ್ ಮೆಚ್ಚಿ ಉಳಿಸಿಕೊಂಡರಂತೆ. ಇಂಥ ಆಕಸ್ಮಿಕಗಳನ್ನು ಯಾವ ವಿಂಗಡಣೆಯೂ ಹಿಡಿದಿಡಲಾರದು ಎಂಬುದನ್ನು ಒಪ್ಪುತ್ತೇನೆ. ಆದರೂ ನಟನ ಹೆಸರಿನ ವಿಂಗಡಣೆಗಿಂತ ನನ್ನದು ಹೆಚ್ಚು ಹಿಡಿಯುತ್ತದೆ. ಅದೇ ನೇಥನ್-ಟರ್ನರ್ ಅವರಿಗೆ 1987ರಲ್ಲಿ ಆಂಡ್ರ್ಯೂ ಕಾರ್ಟ್‌ಮೆಲ್ ಎಂಬ ಹೊಸ ಕಥಾ ಸಂಪಾದಕ ಸಿಕ್ಕಾಗ ಧಾರಾವಾಹಿಯ ದನಿಯೇ ಬದಲಾಯಿತು. 1988ರ ‘ರಿಮೆಂಬ್ರೆನ್ಸ್ ಆಫ್ ದ ಡಾಲೆಕ್ಸ್’ನಲ್ಲಿ, 1963ರ ಲಂಡನ್ನಿನ ಬಾಡಿಗೆ ಮನೆಯೊಂದರಲ್ಲಿ ಉಳಿದ ಡಾಕ್ಟರನ ಸಹಪ್ರಯಾಣಿಕೆ ಏಸ್, ಬೇಸರಕ್ಕೆ ಕಿಟಕಿಯ ಫಲಕವನ್ನು ತಿರುಗಿಸಿ ನೋಡಿದರೆ ಕರಿಯರಿಗೆ ಇಲ್ಲಿ ಜಾಗವಿಲ್ಲವೆಂದು ಬರೆದಿದೆ. ಸಂಭಾಷಣೆ ಇಲ್ಲ. ಡಾಲೆಕ್‌ಗಳ ಜನಾಂಗ ಶುದ್ಧಿಯ ಯುದ್ಧ ಯಾವುದರ ಬಗ್ಗೆ ಎಂಬುದು ಆ ಫಲಕದಿಂದಲೇ ತಿಳಿಯುತ್ತದೆ.

ಹೊಸ ಕಾಲದ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ, ಅಲ್ಲಿ ತಮ್ಮ ಓದುಗರೇ ನನಗಿಂತ ಚೆನ್ನಾಗಿ ಬರೆದಿದ್ದಾರೆ. ಮುಖ್ಯ ಬರಹಗಾರ ರಸೆಲ್ ಟಿ. ಡೇವಿಸ್ ಅವರ ಮೊದಲ ಅವಧಿ ಇಬ್ಬರು ನಟರನ್ನು ಕಂಡಿತು, ಸ್ಟೀವನ್ ಮೊಫಾಟ್ ಅವರದೂ ಇಬ್ಬರನ್ನು, ಯುಗ ಎರಡೇ. ಮೊದಲನೆಯದಕ್ಕೆ ಎಲ್ಲರಂತೆ ನಾನೂ 2007ರ ‘ಬ್ಲಿಂಕ್’ ಎನ್ನಬಹುದು, ಆದರೆ ಡಾಕ್ಟರ್ ಹೆಚ್ಚಾಗಿ ಕಾಣಿಸಿಕೊಳ್ಳದ ಕಥೆ ಒಂದು ಯುಗವನ್ನು ಪ್ರತಿನಿಧಿಸುವುದು ಸರಿಯೇ ಎಂಬ ಅನುಮಾನ ಉಳಿದಿದೆ. 2005ರ ‘ದಿ ಎಂಪ್ಟಿ ಚೈಲ್ಡ್’ ಜೋಡಿ ಕಂತುಗಳೇ ಮೇಲು. ಎರಡನೆಯದಕ್ಕೆ 2015ರ ‘ಹೆವನ್ ಸೆಂಟ್’. ಹೆಚ್ಚುಕಡಿಮೆ ಇಡೀ ಕಂತನ್ನು ಪೀಟರ್ ಕಪಾಲ್ಡಿ ಒಬ್ಬರೇ ಹೊತ್ತಿದ್ದಾರೆ.

ಕ್ರಿಸ್ ಚಿಬ್‌ನಾಲ್ ಅವರ ಅವಧಿಯನ್ನು ತಮ್ಮ ಪುರವಣಿ ಒಂದೇ ಸಾಲಿನಲ್ಲಿ ತಳ್ಳಿಹಾಕಿದೆ. ಜೋಡಿ ವಿಟ್ಟೇಕರ್ ಡಾಕ್ಟರಳಾಗಿ ಅಭಿನಯಿಸಿದ, ವಿನಯ್ ಪಟೇಲ್ ಬರೆದ 2018ರ ‘ಡೀಮನ್ಸ್ ಆಫ್ ದ ಪಂಜಾಬ್’ ಆ ಸಾಲಿನಡಿ ಹೂತುಹೋಗಬಾರದು. 1947ರ ಆಗಸ್ಟ್, ಹೊಸ ಗಡಿ ಹಾದುಹೋಗುವ ಹೊಲ, ಹಿಂದೂ ಪ್ರೇಮ್ ಮತ್ತು ಮುಸ್ಲಿಂ ಉಂಬ್ರೀನ್ ಅವರ ಮದುವೆ. ಅನ್ಯಲೋಕದ ಜೀವಿಗಳನ್ನು ಮೊದಲು ಕೊಲೆಗಡುಕರೆಂದು ಭಾವಿಸುತ್ತೇವೆ. ಯಾರೂ ನೆನೆಯದೆ ಸಾಯುವವರ ಬಳಿ ನಿಂತಿರಲು ಅವು ಬಂದಿವೆಯೆಂದು ಆಮೇಲೆ ತಿಳಿಯುತ್ತದೆ. ಪ್ರೇಮ್‌ನ ಕಡೆಗೆ ಬಂದೂಕಿನ ಗುಂಪನ್ನು ಕರೆತರುವವನು ಅವನ ತಮ್ಮ. ಬಾರ್ಬರಾಳಿಗೆ ಆಜ್ಟೆಕ್ ನಾಡಿನಲ್ಲಿ ಎದುರಾದ, ಇತಿಹಾಸವನ್ನು ಬದಲಿಸಬಾರದೆಂಬ ಅದೇ ಕಟ್ಟುಪಾಡು ಇಲ್ಲಿ ಡಾಕ್ಟರಳಿಗೆ ಎದುರಾಗುತ್ತದೆ; ಆಕೆ ತಡೆಯದೆ ನಡೆದುಹೋಗಬೇಕಾಗುತ್ತದೆ. ಆ ಅವಧಿಯ ಬಹುಪಾಲು ಕಥೆಗಳು ಸೊರಗಿವೆ ಎಂಬುದನ್ನು ನಾನೂ ಬಲ್ಲೆ, ಆದರೆ ಪ್ರಶ್ನೆ ಯುಗದ ಅತ್ಯುತ್ತಮ ಕಥೆ ಯಾವುದು ಎಂಬುದೇ ಹೊರತು ಸರಾಸರಿ ಎಷ್ಟು ಎಂಬುದಲ್ಲ.

ಮುಂದೆ ಈ ಪಟ್ಟಿಯನ್ನು ಪರಿಷ್ಕರಿಸುವುದಾಗಿ ಪುರವಣಿಯಲ್ಲಿ ಸೂಚಿಸಲಾಗಿದೆ. ಆಗ ಟಾಮ್ ಬೇಕರ್ ಅವರ ಅವಧಿಯನ್ನು ಮೂರಾಗಿ ಒಡೆಯಬೇಕೆಂದೂ, ಪೂರ್ತಿಯಾಗಿ ಉಳಿದಿರದ ಕಥೆಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟು ಓದುಗರು ಅವನ್ನು ಧ್ವನಿಯಲ್ಲಿ ಕೇಳಿ ಮತ ಹಾಕಿದರೋ ಚಿತ್ರದಲ್ಲಿ ನೋಡಿ ಹಾಕಿದರೋ ಎಂಬುದನ್ನು ನಮೂದಿಸಬೇಕೆಂದೂ, ಪ್ರತಿ ಆಯ್ಕೆಯ ಮುಂದೆ ಬರಹಗಾರ ಮತ್ತು ಕಥಾ ಸಂಪಾದಕರ ಹೆಸರನ್ನು ಮುದ್ರಿಸಬೇಕೆಂದೂ ವಿನಂತಿಸುತ್ತೇನೆ. ‘ದಿ ಟ್ವಿನ್ ಡಿಲೆಮಾ’ವನ್ನು ಸಮರ್ಥಿಸಿ ಹೊನ್ನಾವರದ ಓದುಗರೊಬ್ಬರು ಬರೆದ ಪತ್ರಕ್ಕೆ ಉತ್ತರಿಸುವ ಧೈರ್ಯ ನನಗಿಲ್ಲ.

ಇಂತು ತಮ್ಮ ವಿಶ್ವಾಸಿ,
ಓರ್ವ ಓದುಗ, ಶಿರಸಿ